ಕ್ಷಮೆ ದೊರೆತ ಮೇಲೂ ಉಳಿಯುವ ಋಣ

ಕ್ರೈಸ್ತಧರ್ಮವನ್ನು ಕುರಿತು ನಮ್ಮ ಉಪನ್ಯಾಸ ವೇದಿಕೆಗಳಲ್ಲಿ ಬಹುಕಾಲದಿಂದ ಒಂದು ಆಕ್ಷೇಪ ಕೇಳಿಬರುತ್ತಿದೆ. ಜೀವನು ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಉಣ್ಣಬೇಕು, ತಾನೇ ಕಳೆದುಕೊಳ್ಳಬೇಕು. ಅದನ್ನು ಅಳಿಸಿಹಾಕುವ ಅಧಿಕಾರ ಮತ್ತಾರಿಗೂ ಇಲ್ಲ ಎಂಬುದು ನಮ್ಮ ಸಿದ್ಧಾಂತ. ಅವರಲ್ಲಿಯಾದರೋ ಎಂತಹ ಪಾತಕಿಯೂ ಮೊಣಕಾಲೂರಿ ದೇವರ ಮುಂದೆ ಅತ್ತರೆ ಸಾಕು, ಎಲ್ಲವೂ ತೊಳೆದುಹೋಗುತ್ತದೆ. ಆದುದರಿಂದ ಅದು ಸುಲಭದ ಮಾರ್ಗ, ಮತ್ತೆ ಮತ್ತೆ ತಪ್ಪು ಮಾಡಲು ಪರವಾನಗಿ ಕೊಡುವ ಮಾರ್ಗ ಎಂಬುದು ಆಕ್ಷೇಪದ ಸಾರ. ಇದನ್ನು ಹೇಳಿದಾಗ ಸಭೆ ತಲೆದೂಗುತ್ತದೆ. ತಲೆದೂಗುವವರಲ್ಲಿ ಎಷ್ಟು ಮಂದಿ ಆ ಧರ್ಮದ ಒಂದು ಗ್ರಂಥವನ್ನಾದರೂ ತೆರೆದು ನೋಡಿದ್ದಾರೆ ಎಂಬುದು ಬೇರೆಯ ಮಾತು.

ಅನೇಕಾಂತವನ್ನು ನಮ್ಮ ದರ್ಶನದ ಕಿರೀಟವೆಂದು ಸಾರುವ ನಾವು ಪರಮತವನ್ನು ಅದರ ಅತ್ಯಂತ ಕೆಳಗಿನ ಪ್ರತಿನಿಧಿಯಿಂದ ಅಳೆಯುವುದು ನ್ಯಾಯವಲ್ಲ. ಮೇಲಿನ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಅರ್ಧ ಅನ್ಯಾಯವಿದೆ. ಕ್ಷಮೆಯ ಹೆಸರಿನಲ್ಲಿ ಅಪರಾಧವನ್ನು ಮುಚ್ಚಿಹಾಕುವ ಪ್ರವೃತ್ತಿ ಕ್ರೈಸ್ತ ಸಮಾಜದಲ್ಲಿ ಕಂಡುಬಂದಿದೆ ಎಂಬುದು ಸತ್ಯ. ಆ ಪ್ರವೃತ್ತಿಯೇ ಆ ಧರ್ಮದ ಬೋಧನೆ ಎನ್ನುವುದು ಅನ್ಯಾಯ. ದೇವರ ಕ್ಷಮೆಯಲ್ಲಿ ನಂಬಿಕೆಯಿಟ್ಟವನು ಭಯದಿಂದ ಬಿಡುಗಡೆ ಹೊಂದುತ್ತಾನೆಯೇ ಹೊರತು ತಾನು ನೋಯಿಸಿದವನ ಋಣದಿಂದ ಬಿಡುಗಡೆ ಹೊಂದುವುದಿಲ್ಲ. ಭಯದಿಂದ ಬಿಡಿಸುವುದೇ ಆ ಋಣವನ್ನು ತೀರಿಸಲು ಧೈರ್ಯ ಬರಲೆಂದು. ಕ್ರೈಸ್ತರಲ್ಲಿ ವಿವೇಕಿಗಳಾದವರು ಹಿಂದಿನಿಂದಲೂ ಹೇಳುತ್ತ ಬಂದಿರುವುದು ಇದನ್ನೇ. ಇದನ್ನು ಮರೆತ ಕ್ರೈಸ್ತರನ್ನು ಎಷ್ಟು ಕಟುವಾಗಿ ಟೀಕಿಸಬೇಕೋ, ಇದನ್ನು ಅರಿಯದೆ ಹಂಗಿಸುವ ನಮ್ಮನ್ನೂ ಅಷ್ಟೇ ಕಟುವಾಗಿ ಟೀಕಿಸಬೇಕು.

ಮೊದಲು ಅವರ ಗ್ರಂಥ ಏನು ಹೇಳುತ್ತದೆ ನೋಡೋಣ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಇಬ್ಬರು ಒಂದೇ ರಾತ್ರಿ ಗುರುದ್ರೋಹ ಮಾಡಿದರು. ಯೂದನು ಮೂವತ್ತು ಬೆಳ್ಳಿಯ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟನು. ಪೇತ್ರನು ಪ್ರಾಣಭೀತಿಯಿಂದ ಆತನನ್ನು ತಾನು ಅರಿಯೆನೆಂದು ಮೂರು ಬಾರಿ ಹೇಳಿದನು. ಮತ್ತಾಯನ ಸುವಾರ್ತೆಯನ್ನು ಗಮನವಿಟ್ಟು ಓದಿದವರಿಗೆ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ಇಬ್ಬರಿಗೂ ಪಶ್ಚಾತ್ತಾಪವಾಯಿತು. ಇನ್ನೂ ಹೇಳಬೇಕೆಂದರೆ, ಹಣವನ್ನು ಹಿಂದಿರುಗಿಸಿದವನು, ನಿರಪರಾಧಿಯನ್ನು ಹಿಡಿದುಕೊಟ್ಟೆನೆಂದು ಬಾಯಿಬಿಟ್ಟು ಒಪ್ಪಿಕೊಂಡವನು ಯೂದನೇ. ಪೇತ್ರನಾದರೋ ಹೊರಗೆ ಹೋಗಿ ಅತ್ತನು, ಅಷ್ಟೆ. ಆದರೂ ಯೂದನು ನೇಣು ಹಾಕಿಕೊಂಡನು. ಪೇತ್ರನು ಬದುಕಿದನು, ಮರಳಿ ಬಂದನು, ಮುಂದೆ ಆ ಸಮುದಾಯದ ಭಾರವನ್ನು ಹೊತ್ತನು. ಅಪರಾಧದ ಅರಿವು ಇಬ್ಬರಲ್ಲಿಯೂ ಇತ್ತು. ತನಗೆ ಇನ್ನೊಂದು ದಿನ ಬಾಳುವ ಹಕ್ಕಿದೆ, ಮುಖ ಎತ್ತಿ ಹಿಂದಿರುಗುವ ದಾರಿಯಿದೆ ಎಂಬ ವಿಶ್ವಾಸ ಒಬ್ಬನಲ್ಲಿ ಮಾತ್ರ ಇತ್ತು. ದೇವರ ಕ್ಷಮೆ ಎಂದು ಕ್ರೈಸ್ತರು ಕರೆಯುವುದು ಮೊದಲಿಗೆ ಈ ವಿಶ್ವಾಸವನ್ನು.

ಇದು ದುರ್ಬಲರ ಮಾರ್ಗವೆನ್ನುವವರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಹಳೆಯ ತಪ್ಪನ್ನು ನೆನೆನೆನೆದು ಹಗಲಿರುಳು ಬೇಯುವುದರಿಂದ ಯಾರಿಗೆ ಏನು ಲಾಭ? ಮೋಸಹೋದವನಿಗೆ ಹಣ ಬರುವುದಿಲ್ಲ. ನೊಂದವನ ನೋವು ತಗ್ಗುವುದಿಲ್ಲ. ಬೇಯುವವನಾದರೋ ತನ್ನ ನೋವಿನಲ್ಲೇ ಮುಳುಗಿ ಎದುರಿಗಿದ್ದವನನ್ನು ಮರೆಯುತ್ತಾನೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಪಾರಾಯಣ ಮಾಡುವವರಿಗೆ ಇದು ಹೊಸದಾಗಿ ತೋರಬಾರದು. ದುಃಖ, ಶೋಕ, ತಾಪ, ಆಕ್ರಂದನಾದಿಗಳು ಪರರಲ್ಲಿ ಉಂಟುಮಾಡಿದರೆ ಮಾತ್ರವಲ್ಲ, ತನ್ನಲ್ಲೇ ಉಂಟುಮಾಡಿಕೊಂಡರೂ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಉಮಾಸ್ವಾತಿಗಳು ಸ್ಪಷ್ಟವಾಗಿ ಹೇಳಿದ್ದಾರೆ. ಶೋಕವೇ ಪ್ರಾಯಶ್ಚಿತ್ತವೆಂದು ನಮ್ಮ ಆಚಾರ್ಯರು ಎಲ್ಲಿಯೂ ಹೇಳಿಲ್ಲ. ನಿರಾಶೆಯಿಂದ ಬಿಡಿಸಿಕೊಳ್ಳುವ ಉಪಾಯವನ್ನು ಒಂದು ಧರ್ಮ ಈಶ್ವರನ ಕೃಪೆಯಲ್ಲಿ ಕಂಡಿತು, ಇನ್ನೊಂದು ಧರ್ಮ ಆತ್ಮನ ಅನಂತ ಸಾಮರ್ಥ್ಯದಲ್ಲಿ ಕಂಡಿತು. ಈ ಭೇದ ಚಿಕ್ಕದಲ್ಲ. ಅದನ್ನು ಮರೆಸಿ ಎಲ್ಲ ಧರ್ಮಗಳೂ ಒಂದೇ ಎಂಬ ಸಿಹಿಮಾತು ಆಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ನಿರಾಶೆ ಒಂದು ರೋಗವೆಂಬುದನ್ನು ಎರಡೂ ಒಪ್ಪಿವೆ.

ಇನ್ನು ಋಣದ ಮಾತು. ಯೇಸು ಬೆಳೆದ ಯೆಹೂದ್ಯ ಪರಂಪರೆಯಲ್ಲಿ ವರ್ಷಕ್ಕೊಮ್ಮೆ ಮಹಾ ಪ್ರಾಯಶ್ಚಿತ್ತದ ದಿನವಿದೆ. ಅದರ ವಿಧಿಗಳನ್ನು ಹೇಳುವ ಮಿಶ್ನಾ ಗ್ರಂಥ ಒಂದು ಕಟ್ಟುನಿಟ್ಟಿನ ನಿಯಮವನ್ನು ಇಟ್ಟಿದೆ: ಮನುಷ್ಯನು ದೇವರಿಗೆ ಮಾಡಿದ ಅಪರಾಧ ಆ ದಿನದಿಂದ ಕಳೆಯುತ್ತದೆ, ಮನುಷ್ಯನು ಮನುಷ್ಯನಿಗೆ ಮಾಡಿದ ಅಪರಾಧ, ನೊಂದವನನ್ನು ಸಮಾಧಾನಪಡಿಸುವವರೆಗೆ, ಆ ದಿನದಿಂದಲೂ ಕಳೆಯುವುದಿಲ್ಲ. ಯೇಸುವಿನ ಪರ್ವತಪ್ರವಚನದಲ್ಲಿಯೂ ಇದೇ ಧ್ವನಿ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತವನಿಗೆ, ತನ್ನ ಮೇಲೆ ಸಹೋದರನಿಗೆ ದೂರು ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಂಧಾನ ಮಾಡಿಕೊಂಡು ಬರಬೇಕೆಂದು ಆತ ವಿಧಿಸಿದ್ದಾನೆ. ಮೊದಲು ನೊಂದವನ ಮನೆ, ಅನಂತರ ದೇವರ ಮನೆ ಎಂಬ ಈ ಕ್ರಮವನ್ನು ದೇವಸ್ಥಾನಗಳ ಆಡಳಿತದಲ್ಲಿರುವ ಪ್ರತಿಯೊಬ್ಬರೂ ನೆನಪಿಡತಕ್ಕದ್ದು.

ಲೂಕನ ಸುವಾರ್ತೆಯಲ್ಲಿ ಬರುವ ಜಕ್ಕಾಯನ ಕಥೆ ಈ ಕ್ರಮಕ್ಕೆ ಉದಾಹರಣೆ. ಅವನು ಯೆರಿಕೋ ಪಟ್ಟಣದ ಸುಂಕದವರಲ್ಲಿ ಮುಖ್ಯಸ್ಥ. ರೋಮನ್ ಆಡಳಿತದ ಪರವಾಗಿ ಜನರನ್ನು ಸುಲಿದು ಶ್ರೀಮಂತನಾದವನು. ಊರೆಲ್ಲ ತಿರಸ್ಕರಿಸಿದ ಅವನ ಮನೆಗೆ ಯೇಸು ತಾನಾಗಿ ಅತಿಥಿಯಾಗಿ ಹೋದನು. ಲೆಕ್ಕ ಕೇಳಲಿಲ್ಲ, ಷರತ್ತು ಹಾಕಲಿಲ್ಲ. ಆ ಸ್ವೀಕಾರ ದೊರೆತ ಕೂಡಲೇ ಜಕ್ಕಾಯನು ಎದ್ದುನಿಂತು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯದಿಂದ ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಘೋಷಿಸಿದನು. ಓದುಗರು ಇಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ಬಡವರಿಗೆ ಕೊಟ್ಟದ್ದು ದಾನ. ಸುಲಿಗೆಗೆ ಒಳಗಾದವನಿಗೆ ಕೊಟ್ಟದ್ದು ಋಣಪರಿಹಾರ. ಮೊದಲನೆಯದರಿಂದ ಎರಡನೆಯದು ತೀರುತ್ತದೆಂದು ಜಕ್ಕಾಯನು ಭಾವಿಸಲಿಲ್ಲ. ಒಬ್ಬನಿಂದ ಕಸಿದುಕೊಂಡು ಇನ್ನೊಬ್ಬನಿಗೆ ದಾನ ಮಾಡಿ ಪುಣ್ಯವಂತನೆನಿಸಿಕೊಳ್ಳುವ ಜಾಣತನ ಅವನಿಗೆ ತಿಳಿದಿರಲಿಲ್ಲ.

ಹೀಗೆ ಗ್ರಂಥದಲ್ಲಿ ನಿಚ್ಚಳವಾಗಿದ್ದ ಮಾತು ಇತಿಹಾಸದಲ್ಲಿ ಹೇಗೆ ಮಸುಕಾಯಿತು? ಹದಿನಾರನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಟ್ಟಣಗಳಲ್ಲಿ ಪಾಪದಂಡನೆಯ ವಿನಾಯಿತಿ ಪತ್ರಗಳು ಹಣಕ್ಕೆ ದೊರೆಯುತ್ತಿದ್ದವು. ರೋಮಿನ ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣಕ್ಕೆಂದು ಸಂಗ್ರಹವಾದ ಆ ಹಣದಲ್ಲಿ ಅರ್ಧಭಾಗ, ಮೈಂಝಿನ ಆರ್ಚ್‌ಬಿಷಪ್ ಆಲ್ಬ್ರೆಖ್ಟ್ ತನ್ನ ಪದವಿಗಾಗಿ ಫುಗರ್ ಸಾಹುಕಾರರಿಂದ ಪಡೆದಿದ್ದ ಸಾಲದ ತೀರುವಳಿಗೆ ಹೋಗುತ್ತಿತ್ತು. ಭವ್ಯ ದೇವಾಲಯ ಒಂದು ಕಡೆ, ಅಧಿಕಾರಿಯ ಸಾಲ ಇನ್ನೊಂದು ಕಡೆ, ಇವೆರಡರ ನಡುವೆ ಬಡವನ ಪಾಪಭೀತಿ ಸರಕಾಯಿತು. ಇದನ್ನು ಪ್ರತಿಭಟಿಸಿ 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ತೊಂಬತ್ತೈದು ವಾದಗಳನ್ನು ಮುಂದಿಟ್ಟನು. ಕ್ರೈಸ್ತನ ಇಡೀ ಬಾಳೇ ಪಶ್ಚಾತ್ತಾಪದ ಬಾಳಾಗಿರಬೇಕು ಎಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಈ ಲೂಥರ್ ತಾನೇ ಅಪರಾಧಭಾವದ ಕೂಪದಿಂದ ಎದ್ದುಬಂದವನು. ಎರ್ಫುರ್ಟಿನ ಮಠದಲ್ಲಿ ತರುಣ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ಏನೋ ಒಂದು ಉಳಿಯಿತೆಂಬ ಭಯದಿಂದ ನರಳುತ್ತಿದ್ದನು. ಕೃಪೆಯು ಸಂಪಾದನೆಯಲ್ಲ, ದಾನ ಎಂಬ ಅರಿವು ಅವನನ್ನು ಆ ನರಳಾಟದಿಂದ ಬಿಡಿಸಿತು. ಬಿಡುಗಡೆ ಹೊಂದಿದ ಅವನು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಕ್ಷಮೆಯ ಮಾರಾಟದ ವಿರುದ್ಧ ನಿಂತನು.

ನಾಲ್ಕು ಶತಮಾನಗಳ ಅನಂತರ ಲೂಥರನ ಹೆಸರಿನ ಸಭೆಯಲ್ಲಿಯೇ ಅದೇ ರೋಗ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಕೊಂಡುಕೊಳ್ಳಬೇಕಾಗಿಲ್ಲದ ಕೃಪೆ ಈಗ ಬೆಲೆಯೇ ಇಲ್ಲದ ಕೃಪೆಯಾಯಿತು. 1937ರಲ್ಲಿ, ಹಿಟ್ಲರನ ಆಳ್ವಿಕೆಯ ಕಾಲದಲ್ಲಿ, ಡೀಟ್ರಿಚ್ ಬಾನ್‌ಹಾಫರ್ ಎಂಬ ಜರ್ಮನ್ ಪಾದ್ರಿ ಇದನ್ನು ಅಗ್ಗದ ಕೃಪೆ ಎಂದು ಕರೆದು ಒಂದು ಗ್ರಂಥವನ್ನೇ ಬರೆದನು. ಬಾಳು ಬದಲಾಗದೆ ದೊರೆಯುವ ಕ್ಷಮೆ ಸಭೆಯ ಮೃತ್ಯುವೆಂಬುದು ಅವನ ವಾದ. ಅವನನ್ನು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು. ಕ್ರೈಸ್ತ ಕ್ಷಮೆ ಅಗ್ಗವೆಂದು ನಾವು ಹೊಸದಾಗಿ ಕಂಡುಹಿಡಿದವರಂತೆ ಮಾತನಾಡುವಾಗ, ಅದನ್ನು ನಮಗಿಂತ ಮೊದಲು, ನಮಗಿಂತ ನಿಷ್ಠುರವಾಗಿ, ತನ್ನ ಜನರ ನಡುವೆಯೇ ನಿಂತು ಹೇಳಿದ ಇಂಥವರನ್ನು ನೆನೆಯುವುದು ಸೌಜನ್ಯ.

ಈಗ ಈ ಚರ್ಚೆಯ ಅತ್ಯಂತ ಕಠಿಣ ಉದಾಹರಣೆಗೆ ಬರೋಣ. ಆಕ್ಷೇಪಕರು ತಮ್ಮ ಪರವಾಗಿ ತರುವುದೂ, ಭಕ್ತರು ತಮ್ಮ ಪರವಾಗಿ ತರುವುದೂ ಇದೇ ಒಬ್ಬ ಮನುಷ್ಯನನ್ನು. ಜಗತ್ತಿನಾದ್ಯಂತ ಇಂದಿಗೂ ಹಾಡಲಾಗುವ ‘ಅಮೇಜಿಂಗ್ ಗ್ರೇಸ್’ ಎಂಬ ಕೀರ್ತನೆಯನ್ನು ಬರೆದ ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು. 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಕಡಲಿಗಿಳಿದು, ಯೌವನದಲ್ಲಿ ಆಫ್ರಿಕದ ಕರಾವಳಿಯಲ್ಲಿ ಒಬ್ಬ ಗುಲಾಮ ವ್ಯಾಪಾರಿಯ ಕೈಕೆಳಗೆ ತಾನೇ ಗುಲಾಮನಂತೆ ಹಸಿವು ಅವಮಾನಗಳನ್ನು ಉಂಡವನು. 1748ರ ಮಾರ್ಚ್ ತಿಂಗಳಲ್ಲಿ ಗ್ರೇಹೌಂಡ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗುವಂತಾದಾಗ ಅವನು ದೇವರನ್ನು ಮೊರೆಯಿಟ್ಟನು. ಹಡಗು ದಡ ಸೇರಿತು. ಆ ದಿನವನ್ನು ತನ್ನ ಮರುಹುಟ್ಟಿನ ದಿನವೆಂದು ಅವನು ಬಾಳಿನುದ್ದಕ್ಕೂ ಆಚರಿಸಿದನು.

ಜನ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ: ಬಿರುಗಾಳಿ ಬಂತು, ದೇವರು ಕಂಡನು, ಪಾಪಿ ಗುಲಾಮರ ವ್ಯಾಪಾರ ಬಿಟ್ಟು ಪಾದ್ರಿಯಾದನು. ಚರಿತ್ರೆ ಹೇಳುವುದು ಬೇರೆ. ದೇವರು ಕಂಡ ಮೇಲೆ ನ್ಯೂಟನ್ 1750ರಿಂದ 1754ರವರೆಗೆ ಮೂರು ಬಾರಿ ಕಪ್ತಾನನಾಗಿ ಗುಲಾಮರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿದನು. ಹಡಗಿನ ಮೇಲ್ಭಾಗದಲ್ಲಿ ಪ್ರಾರ್ಥನೆ, ಕೆಳಭಾಗದಲ್ಲಿ ಸರಪಳಿ. 1754ರಲ್ಲಿ ಅವನು ಕಡಲನ್ನು ಬಿಟ್ಟದ್ದು ದೇಹಾರೋಗ್ಯ ಕೆಟ್ಟದ್ದರಿಂದ. ಮನಸ್ಸಾಕ್ಷಿ ಚುಚ್ಚಿದ್ದರಿಂದ ಅಲ್ಲ. ಮುಂದೆ ಲಿವರ್‌ಪೂಲಿನಲ್ಲಿ ಸುಂಕದ ಅಧಿಕಾರಿಯಾದನು. 1764ರಲ್ಲಿ ದೀಕ್ಷೆ ಪಡೆದು ಓಲ್ನಿ ಎಂಬ ಊರಿನ ಪಾದ್ರಿಯಾದನು. ಅದೇ ವರ್ಷ ಪ್ರಕಟವಾದ ಆತ್ಮಕಥೆಯಲ್ಲಿ ತನ್ನ ದೇವದೂಷಣೆ, ದುರ್ನಡತೆ, ದುರಹಂಕಾರಗಳನ್ನು ಬಿಚ್ಚಿ ಹೇಳಿಕೊಂಡನು. ಗುಲಾಮರ ವ್ಯಾಪಾರವನ್ನಾದರೋ ಸೆರೆಮನೆಯ ಕಾವಲುಗಾರನ ಕೆಲಸದಂತೆ ಮನಸ್ಸಿಗೆ ಒಗ್ಗದ ಒಂದು ಉದ್ಯೋಗವೆಂದಷ್ಟೇ ಬಣ್ಣಿಸಿದನು. 1773ರ ಹೊಸವರ್ಷದ ದಿನದ ಆರಾಧನೆಗೆ ಆ ಪ್ರಸಿದ್ಧ ಕೀರ್ತನೆ ಸಿದ್ಧವಾದಾಗಲೂ ಅವನು ಈ ವಿಷಯದಲ್ಲಿ ಬಹಿರಂಗವಾಗಿ ತುಟಿ ಬಿಚ್ಚಿರಲಿಲ್ಲ.

ಬಾಯಿ ಬಿಟ್ಟದ್ದು 1788ರಲ್ಲಿ, ಬಿರುಗಾಳಿಯ ನಲವತ್ತು ವರ್ಷಗಳ ಅನಂತರ. ಆಗ ಅವನು ಲಂಡನ್ನಿನ ಗಣ್ಯ ಪಾದ್ರಿ, ಅರವತ್ತು ದಾಟಿದ ವೃದ್ಧ. ಗುಲಾಮರ ವ್ಯಾಪಾರದ ನಿಷೇಧಕ್ಕಾಗಿ ವಿಲಿಯಂ ವಿಲ್ಬರ್‌ಫೋರ್ಸ್ ಮೊದಲಾದವರು ಹೋರಾಟ ಆರಂಭಿಸಿದ್ದ ಕಾಲ. ನ್ಯೂಟನ್ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ, ಹಡಗಿನ ಒಡಲಲ್ಲಿ ಮನುಷ್ಯರನ್ನು ಹೊರಳಲೂ ಎಡೆಯಿಲ್ಲದಂತೆ ಜೋಡಿಸುತ್ತಿದ್ದುದನ್ನು, ಬೆರಳು ಹಿಂಡುವ ಯಂತ್ರಗಳನ್ನು, ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರವನ್ನು ಕಂಡಂತೆ ಬರೆದನು. ಕೊಂಡವರಲ್ಲಿ ಸರಾಸರಿ ಕಾಲುಭಾಗದಷ್ಟು ಜನ ಸಾಯುತ್ತಿದ್ದರೆಂದು ಲೆಕ್ಕ ಕೊಟ್ಟನು. ತಾನು ಇದರಲ್ಲಿ ಪಾಲುಗಾರನಾಗಿದ್ದೆನೆಂದೂ, ಈ ಒಪ್ಪಿಗೆ ತಡವಾಗಿ ಬರುತ್ತಿದೆಯೆಂದೂ, ಇದು ತನಗೆ ಸದಾ ತಲೆತಗ್ಗಿಸುವ ನೆನಪೆಂದೂ ಬರೆದನು. 1790ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದನು. 1807ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು. ಡಿಸೆಂಬರ್ 21ರಂದು ನ್ಯೂಟನ್ ತೀರಿಕೊಂಡನು.

ಇದರಿಂದ ಏನನ್ನು ತಿಳಿಯಬೇಕು? ಆಕ್ಷೇಪಕರು ಹೇಳುವರು: ನೋಡಿ, ದೇವರು ಕ್ಷಮಿಸಿದನೆಂಬ ನೆಮ್ಮದಿಯಿಂದಲೇ ಅವನು ನಲವತ್ತು ವರ್ಷ ನಿದ್ರಿಸಿದನು. ಈ ಮಾತಿನಲ್ಲಿ ಹುರುಳಿದೆ. ಅದನ್ನು ತಳ್ಳಿಹಾಕುವ ಕ್ರೈಸ್ತನು ಪ್ರಾಮಾಣಿಕನಲ್ಲ. ಅವನು ದೇವರ ಮುಂದೆ ಒಪ್ಪಿಕೊಂಡದ್ದು ಅಂದಿನ ಸಮಾಜ ಪಾಪವೆಂದು ಎಣಿಸಿದ್ದನ್ನು ಮಾತ್ರ. ಸಮಾಜ ವ್ಯಾಪಾರವೆಂದು ಗೌರವಿಸುತ್ತಿದ್ದುದು ಅವನ ಕಣ್ಣಿಗೆ ಬೀಳಲೇ ಇಲ್ಲ. ನಮ್ಮ ಶಾಸ್ತ್ರಗಳಲ್ಲಿ ಆಲೋಚನೆಯ ಹತ್ತು ದೋಷಗಳನ್ನು ಎಣಿಸಿದ್ದಾರೆ. ಪರರು ಕಂಡ ದೋಷವನ್ನು ಮಾತ್ರ ಗುರುವಿನ ಮುಂದೆ ಹೇಳಿ ಕಾಣದ್ದನ್ನು ಮುಚ್ಚುವುದು ಅವುಗಳಲ್ಲೊಂದು. ನ್ಯೂಟನ್ನನ ಮೊದಲ ನಿವೇದನೆ ಅದಕ್ಕೆ ಹತ್ತಿರದ್ದು. ಅವನು ಬುದ್ಧಿಪೂರ್ವಕ ಮುಚ್ಚಿದನೆನ್ನುವುದಕ್ಕಿಂತ ಕಾಣದೆ ಹೋದನೆನ್ನುವುದು ಸರಿ. ದೇವರ ಕ್ಷಮೆಯಲ್ಲಿಟ್ಟ ನಂಬಿಕೆ ಅವನಿಗೆ ಧೈರ್ಯವನ್ನು ಕೊಟ್ಟಿತು, ದೃಷ್ಟಿಯನ್ನು ತಾನಾಗಿ ಕೊಡಲಿಲ್ಲ.

ಆದರೆ ಆಕ್ಷೇಪಕರು ಇಷ್ಟಕ್ಕೇ ನಿಲ್ಲುವುದು ಸರಿಯಲ್ಲ. ಗುಲಾಮರ ವ್ಯಾಪಾರದಿಂದ ಶ್ರೀಮಂತರಾದ ಕಪ್ತಾನರು, ಹಡಗಿನ ಮಾಲೀಕರು, ಹೂಡಿಕೆದಾರರು ಆ ಕಾಲದ ಇಂಗ್ಲೆಂಡಿನಲ್ಲಿ ಅಸಂಖ್ಯರಿದ್ದರು. ಅವರಲ್ಲಿ ಎಷ್ಟು ಮಂದಿ ತಮ್ಮ ಹೆಸರು ಹಾಕಿ, ತಮ್ಮ ಕೈಯಿಂದಲೇ ನಡೆದುದನ್ನು ಲೋಕದ ಮುಂದೆ ಬರೆದರು? ಮರ್ಯಾದೆಯ ಶಿಖರದಲ್ಲಿರುವ ವೃದ್ಧನೊಬ್ಬನು ತನ್ನ ವಿರುದ್ಧ ತಾನೇ ಸಾಕ್ಷಿಯಾಗಲು ಒಂದು ಆಸರೆ ಬೇಕು. ಲೋಕವೆಲ್ಲ ಛೀಮಾರಿ ಹಾಕಿದರೂ ತನ್ನನ್ನು ಸಂಪೂರ್ಣ ಬಲ್ಲವನೊಬ್ಬನು ಕೈಬಿಡನೆಂಬ ನಂಬಿಕೆ ಅವನಿಗೆ ಆ ಆಸರೆಯಾಯಿತು. ಕ್ಷಮೆ ದೊರೆತಿದೆಯೆಂದು ನಂಬಿದವನಿಗೆ ಸುಳ್ಳು ಹೇಳುವ ಅಗತ್ಯವಿರುವುದಿಲ್ಲ. ಭಯದಲ್ಲಿರುವವನು ಮಾತ್ರ ತನ್ನ ದಫ್ತರವನ್ನು ಬಚ್ಚಿಡುತ್ತಾನೆ.

ವ್ಯಕ್ತಿಗಿಂತ ಹೆಚ್ಚಿನ ಅಪಾಯ ಇರುವುದು ಸಂಸ್ಥೆಯಲ್ಲಿ. 2002ರ ಜನವರಿಯಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯೊಂದು ಹೊರಗೆಡಹಿದ ಸಂಗತಿ ಜಗತ್ತನ್ನು ತಲ್ಲಣಗೊಳಿಸಿತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಅಲ್ಲಿನ ಕ್ಯಾಥೊಲಿಕ್ ಧರ್ಮಾಧಿಕಾರಿಗಳು ಪೊಲೀಸರಿಗೆ ಒಪ್ಪಿಸದೆ, ಒಂದು ಚರ್ಚಿನಿಂದ ಮತ್ತೊಂದಕ್ಕೆ ವರ್ಗಾಯಿಸುತ್ತ ಬಂದಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಡಿನಲ್ ರಾಜೀನಾಮೆ ನೀಡಬೇಕಾಯಿತು. ಬಿಷಪರ ಮಂಡಳಿಯೇ ನೇಮಿಸಿದ ಅಧ್ಯಯನ 2004ರಲ್ಲಿ ಪ್ರಕಟವಾದಾಗ, 1950ರಿಂದ 2002ರವರೆಗೆ ಅಮೆರಿಕದಲ್ಲಿ 4,392 ಪಾದ್ರಿಗಳ ಮೇಲೆ ಆರೋಪ ಬಂದಿತ್ತೆಂದು ತಿಳಿಯಿತು. ತಪ್ಪಿತಸ್ಥನಿಗೆ ಕರುಣೆ, ಸಂಸ್ಥೆಗೆ ಮರ್ಯಾದೆ, ಮಗುವಿಗೆ ಮೌನ: ಇದು ಕ್ಷಮೆಯಲ್ಲ. ನೊಂದವನ ಬದಲಿಗೆ ಮತ್ತೊಬ್ಬನು ಕ್ಷಮಿಸುವುದು ಕಳ್ಳಸಹಿ ಹಾಕಿದಂತೆ. ವಿಷಾದದ ಸಂಗತಿಯೆಂದರೆ, ಅದೇ ಸಭೆ 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥದಲ್ಲಿ, ಪಾಪವಿಮೋಚನೆಯಿಂದ ಪಾಪ ಹೋದರೂ ಪಾಪದಿಂದಾದ ಹಾನಿ ತಾನಾಗಿ ಸರಿಹೋಗದೆಂದೂ, ಕದ್ದದ್ದನ್ನು ಹಿಂದಿರುಗಿಸಬೇಕೆಂದೂ, ಕೆಡಿಸಿದ ಹೆಸರನ್ನು ಸರಿಪಡಿಸಬೇಕೆಂದೂ ಸ್ಪಷ್ಟವಾಗಿ ಬರೆದಿತ್ತು. ಗ್ರಂಥ ಕಪಾಟಿನಲ್ಲಿತ್ತು, ಆಡಳಿತ ಬೇರೆ ದಾರಿಯಲ್ಲಿತ್ತು.

ಇದಕ್ಕೆ ಪ್ರತಿಯಾಗಿ ನಮ್ಮ ದೇಶದ ಒಂದು ಪ್ರಸಂಗವನ್ನು ಇಟ್ಟು ನೋಡಬಹುದು. ಕೇರಳದಲ್ಲಿ ಹುಟ್ಟಿ ಮಧ್ಯಪ್ರದೇಶದ ಬಡ ರೈತರ ನಡುವೆ ಸೇವೆ ಮಾಡುತ್ತಿದ್ದ ಸನ್ಯಾಸಿನಿ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು, ಇಂದೋರಿಗೆ ಹೊರಟ ಬಸ್ಸಿನ ಪ್ರಯಾಣದಲ್ಲಿ, ಒಬ್ಬನು ಇರಿದು ಕೊಂದನು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ಆಕೆಯ ಒಡಹುಟ್ಟಿದ ತಂಗಿ, ತಾವೂ ಸನ್ಯಾಸಿನಿಯಾದ ಸೆಲ್ಮಿ ಪೌಲ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಸಹೋದರನೆಂದು ಒಪ್ಪಿಕೊಂಡರು. ಅವರ ಕುಟುಂಬದವರೇ ಬಿಡುಗಡೆಗೆ ಸಮ್ಮತಿಸಿದ್ದರಿಂದ 2006ರಲ್ಲಿ ಅವನು ಹೊರಬಂದನು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರಿಗೆ ಪುನೀತ ಪದವಿ ಘೋಷಣೆಯಾಯಿತು. ಇಲ್ಲಿ ಕ್ಷಮಿಸಿದವರು ಯಾರು? ನೊಂದವರೇ. ಯಾವಾಗ? ಅಪರಾಧ ನ್ಯಾಯಾಲಯದಲ್ಲಿ ಸಾಬೀತಾಗಿ, ಅಪರಾಧಿ ವರ್ಷಗಟ್ಟಲೆ ಶಿಕ್ಷೆ ಅನುಭವಿಸಿದ ಮೇಲೆ. ಯಾವ ಸತ್ಯವನ್ನೂ ಮುಚ್ಚದೆ. ಬಾಸ್ಟನ್ನಿನಲ್ಲಿ ನಡೆದುದನ್ನು ಕ್ರೈಸ್ತ ಕ್ಷಮೆಯೆಂದು ಹೀಗಳೆಯುವವರು ಇಂದೋರಿನಲ್ಲಿ ನಡೆದುದನ್ನೂ ಅದೇ ಹೆಸರಿನಿಂದ ಕರೆಯುವ ಋಜುತ್ವ ತೋರಲಿ.

ಪರರ ಮನೆಯ ಕಸವನ್ನು ಇಷ್ಟು ಎಣಿಸಿದ ಮೇಲೆ ನಮ್ಮ ಅಂಗಳವನ್ನು ನೋಡದಿರುವುದು ಹೇಡಿತನ. ಪರ್ಯೂಷಣ ಮುಗಿದು ಕ್ಷಮಾವಣಿಯ ದಿನ ನಾವು ಸಮಸ್ತ ಜೀವರಾಶಿಯ ಕ್ಷಮೆ ಬೇಡುತ್ತೇವೆ. ಮುದ್ರಿತ ಪತ್ರಗಳು ಹೋಗುತ್ತಿದ್ದವು. ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ನೂರಾರು ಜನರಿಗೆ ಸಂದೇಶ ಹೋಗುತ್ತದೆ. ಎಂಬತ್ತನಾಲ್ಕು ಲಕ್ಷ ಯೋನಿಗಳ ಜೀವಿಗಳಿಂದ ಕ್ಷಮೆ ಬೇಡುವುದು ಸುಲಭ. ಪಾಲುವಾಟಣಿಯಲ್ಲಿ ವಂಚಿತನಾದ ತಮ್ಮನೊಬ್ಬನ ಮನೆಯ ಬಾಗಿಲು ತಟ್ಟುವುದು ಕಷ್ಟ. ಅಂಗಡಿಯ ಲೆಕ್ಕದವನಿಗೆ ಕೊಡದೆ ಉಳಿಸಿಕೊಂಡ ಸಂಬಳ, ವಿಧವೆ ಅತ್ತಿಗೆಗೆ ಸೇರಬೇಕಾದ ಒಡವೆ, ಪಾಲುದಾರನಿಗೆ ತೋರಿಸದ ಎರಡನೆಯ ಲೆಕ್ಕದ ಪುಸ್ತಕ ಇವೆಲ್ಲ ಇದ್ದಂತೆಯೇ ಇದ್ದು, ಅಮೃತಶಿಲೆಯ ಮೇಲೆ ದಾನಿಯ ಹೆಸರು ಕೆತ್ತಲ್ಪಡುತ್ತಿದ್ದರೆ, ಮೈಂಝಿನ ಆರ್ಚ್‌ಬಿಷಪ್ಪನನ್ನು ನಗಲು ನಮಗೆ ಏನು ಅಧಿಕಾರ? ದೇವರು ಕ್ಷಮಿಸಿದನೆಂದು ಅವರು ಹೇಳಿಕೊಂಡರು, ದಾನದಿಂದ ಪುಣ್ಯವಾಯಿತೆಂದು ನಾವು ಹೇಳಿಕೊಳ್ಳುತ್ತೇವೆ. ವಂಚಿತನಿಗೆ ಎರಡೂ ಒಂದೇ.

ಆದುದರಿಂದ ನಮ್ಮ ಬಸದಿಗಳ, ವಿದ್ಯಾರ್ಥಿನಿಲಯಗಳ, ಟ್ರಸ್ಟುಗಳ ಆಡಳಿತ ಮಂಡಳಿಗಳ ಮುಂದೆ ಕೆಲವು ಮಾತುಗಳನ್ನು ಇಡಬಯಸುತ್ತೇನೆ. ವಂಚನೆಗೊಳಗಾದವರು ದೂರು ಹೇಳುತ್ತಿರುವಾಗ ವಂಚಿಸಿದವನ ಕಾಣಿಕೆಯನ್ನು ಸ್ವೀಕರಿಸಬಾರದು. ಕಾಣಿಕೆ ಕಾಯಲಿ, ಅವನು ಮೊದಲು ಅವರಲ್ಲಿಗೆ ಹೋಗಿಬರಲಿ. ಸಂಸ್ಥೆಯ ಹಣವನ್ನು ದುರುಪಯೋಗ ಮಾಡಿದವನು ಒಪ್ಪಿಕೊಂಡು ಬಂದರೆ ಅವನನ್ನು ಬೀದಿಗೆಳೆದು ಅವಮಾನಿಸುವುದೂ ಬೇಡ, ಮಂಡಳಿಯ ನಾಲ್ವರು ಕೂಡಿ ಗುಟ್ಟಾಗಿ ಮುಗಿಸುವುದೂ ಬೇಡ. ಹಣ ಹಿಂದಿರುಗಲಿ, ಲೆಕ್ಕ ಸಭೆಯ ಮುಂದೆ ಬರಲಿ, ಆ ಮನುಷ್ಯನಿಗೆ ಸಮಾಜದಲ್ಲಿ ಮತ್ತೆ ಕುಳಿತುಕೊಳ್ಳಲು ಒಂದು ಮಣೆ ಉಳಿಯಲಿ. ಮಕ್ಕಳಿಗೆ ಕೇಡು ಮಾಡಿದವನ ವಿಷಯದಲ್ಲಿ ಕ್ಷಮೆಯ ಮಾತೆತ್ತುವ ಅಧಿಕಾರ ಯಾವ ಮಂಡಳಿಗೂ ಇಲ್ಲ. ಅದು ಕಾನೂನಿಗೆ ಸೇರಿದ್ದು. ತಪ್ಪು ಮಾಡಿದವನಿಗೆ ಹಿಂದಿರುಗುವ ದಾರಿಯೇ ಇಲ್ಲವೆಂದು ಸಮಾಜ ಬಾಗಿಲು ಹಾಕಿದರೆ ಅವನು ಯೂದನಾಗುತ್ತಾನೆ. ಏನೂ ಕೇಳದೆ ಬಾಗಿಲು ತೆರೆದರೆ ಅವನು ಇನ್ನೊಮ್ಮೆ ಹಡಗೇರುತ್ತಾನೆ.

ಅಪರಾಧದ ಭಾರವನ್ನು ಹೊತ್ತು ನಿದ್ದೆಗೆಟ್ಟಿರುವ ಗೃಹಸ್ಥರು ಈ ಸಾಲುಗಳನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ನಿಮ್ಮ ನೆರೆಯ ಕ್ರೈಸ್ತನು ದೇವರು ತನ್ನನ್ನು ಕ್ಷಮಿಸಿದ್ದಾನೆಂದು ನಂಬಿ ಬೆಳಿಗ್ಗೆ ತಲೆಯೆತ್ತಿ ಏಳುತ್ತಾನೆ. ನಿಮಗೆ ಆ ನಂಬಿಕೆ ಇಲ್ಲದಿರಬಹುದು; ಆದರೆ ಯಾವ ಕಷಾಯವೂ ಆತ್ಮನ ಸ್ವಭಾವವಲ್ಲ, ಎಂತಹ ಬಂಧವೂ ನಿರ್ಜರೆಗೆ ಒಳಪಡತಕ್ಕದ್ದೇ ಎಂಬ ಭರವಸೆ ನಿಮಗೆ ಪರಂಪರೆಯಿಂದ ಬಂದಿದೆ. ಎರಡರಲ್ಲಿ ಯಾವುದನ್ನು ಹಿಡಿದು ಎದ್ದರೂ, ಎದ್ದ ಮೇಲೆ ನಡೆಯಬೇಕಾದ ದಾರಿ ನೀವು ನೋಯಿಸಿದವರ ಮನೆಯ ಕಡೆಗೆ. ಅವರು ಬಾಗಿಲು ತೆರೆಯದಿರಬಹುದು, ಕ್ಷಮಿಸದಿರಬಹುದು. ಕ್ಷಮಿಸುವುದೂ ಬಿಡುವುದೂ ಅವರ ಹಕ್ಕು. ಕೊಡಬೇಕಾದುದನ್ನು ಕೊಟ್ಟು, ಹೇಳಬೇಕಾದುದನ್ನು ಹೇಳಿ ಬರುವುದು ನಿಮ್ಮ ಕರ್ತವ್ಯ. ಬರುವ ಕ್ಷಮಾವಣಿಯಂದು ನೂರು ಜನರಿಗೆ ಸಂದೇಶ ಕಳುಹಿಸುವ ಮೊದಲು ಒಬ್ಬರ ಮನೆಗೆ ಹೋಗಿಬನ್ನಿ.